ಕಳೆದ ವಾರ ಇತ್ತು, ಈ ವಾರ ಇಲ್ಲ: ಗೋದಾಮು ಅಂಗಡಿಗಳಲ್ಲಿ ಮಾಲು ಮಾಯವಾಗುವುದು ಯಾಕೆ?

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಸಣ್ಣ ದಿನಸಿ ಅಂಗಡಿಯವರಿಗೆ ಈ ದೃಶ್ಯ ಹೊಸತಲ್ಲ. ಬೆಳಗ್ಗೆ ಅಂಗಡಿಯನ್ನು ತಮ್ಮನ ಕೈಗೆ ಕೊಟ್ಟು, ಮೊಬೈಲಿನಲ್ಲಿ ಇಪ್ಪತ್ತೆರಡು ಐಟಂಗಳ ಪಟ್ಟಿ ಬರೆದುಕೊಂಡು, ತಲಪಾಡಿ ಟೋಲ್ ದಾಟಿ ಪಟ್ಟಣದ ದೊಡ್ಡ ಗೋದಾಮು ಅಂಗಡಿಗೆ ಹೋಗುವುದು. ಕಳೆದ ಸಲ ಚಹಾಪುಡಿಯ ಬಾಕ್ಸ್‌ಗಳು ಆಳೆತ್ತರಕ್ಕೆ ನಿಂತಿದ್ದ ಜಾಗದಲ್ಲಿ ಈಗ ಪ್ಲಾಸ್ಟಿಕ್ ಬಕೆಟ್‌ಗಳ ರಾಶಿ. ಕೇಳಿದರೆ ಅಲ್ಲಿಯ ಹುಡುಗ, "ಅದು ಬರ್ತಾ ಇಲ್ಲ ಸರ್" ಅನ್ನುತ್ತಾನೆ. "ಯಾವಾಗ ಬರ್ತದೆ?" "ಗೊತ್ತಿಲ್ಲ. ಸಿಸ್ಟಮ್‌ನಲ್ಲಿ ಎರಡು ಬಾಕ್ಸ್ ಉಂಟು ಅಂತ ತೋರಿಸ್ತದೆ, ಆದ್ರೆ ಎಲ್ಲಿ ಉಂಟು ಅಂತ ಗೊತ್ತಿಲ್ಲ." ಇಪ್ಪತ್ತೆರಡರಲ್ಲಿ ಹದಿನೈದು ಸಿಕ್ಕಿದರೆ ಆ ದಿನ ಒಳ್ಳೆಯ ದಿನ.

ವಾಪಸ್ ಬಂದ ಮೇಲೆ ಇನ್ನೊಂದು ಪರೀಕ್ಷೆ ಉಂಟು. "ಕಾಕ, ಕಳೆದ ಸಲ ಕೊಟ್ಟ ಆ ಚಹಾಪುಡಿ ಇಲ್ವಾ?" ಎಂದು ಗಿರಾಕಿ ಕೇಳಿದಾಗ ಗೋದಾಮು ಅಂಗಡಿಯ ರ‍್ಯಾಕ್ ಖಾಲಿಯಾದ ಕಥೆಯನ್ನು ಅವರಿಗೆ ಹೇಳಿ ಪ್ರಯೋಜನ ಇಲ್ಲ. ಅವರ ಕಣ್ಣಿಗೆ ಖಾಲಿ ಇರುವುದು ಕಾಕನ ಅಂಗಡಿ.

ಇದನ್ನು ಆಡಳಿತದ ಉದಾಸೀನ, ಕೆಲಸದವರ ಸೋಮಾರಿತನ ಎಂದು ಬೈದು ಸುಮ್ಮನಾಗುವುದು ಸುಲಭ. ಅದೂ ಸ್ವಲ್ಪ ಇದೆ. ಆದರೆ ಗೋದಾಮು ಅಂಗಡಿಯ ವ್ಯಾಪಾರದ ಲೆಕ್ಕಾಚಾರ ಹೇಗೆ ನಡೆಯುತ್ತದೆ ಎಂದು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ: ಅಲ್ಲಿ ಕಡಿಮೆ ದರ ಸಿಗುವುದಕ್ಕೂ ಮಾಲು ಮಾಯವಾಗುವುದಕ್ಕೂ ಹೆಚ್ಚಾಗಿ ಕಾರಣ ಒಂದೇ. ಒಂದನ್ನು ಬಿಟ್ಟು ಇನ್ನೊಂದನ್ನು ಕೇಳಲು ಆಗುವುದಿಲ್ಲ.

ವಿಮಾನದ ಶೆಡ್ಡಿನಿಂದ ಬೆಂಗಳೂರಿನ ತನಕ

ಗೋದಾಮನ್ನೇ ಅಂಗಡಿ ಮಾಡುವ ಪದ್ಧತಿ ಹೊರಗಿನಿಂದ ಬಂದದ್ದು. ಜರ್ಮನಿಯಲ್ಲಿ ಮೆಟ್ರೋ ಸಂಸ್ಥೆ 1964ರಲ್ಲಿ ವ್ಯಾಪಾರಿಗಳಿಗಾಗಿ 'ಕ್ಯಾಶ್ ಆ್ಯಂಡ್ ಕ್ಯಾರಿ' ಮಳಿಗೆ ತೆರೆಯಿತು. ಉದ್ದರಿ ಇಲ್ಲ, ಡೆಲಿವರಿ ಇಲ್ಲ. ದುಡ್ಡು ಕೊಡು, ಮಾಲು ನೀನೇ ಹೊತ್ತುಕೊಂಡು ಹೋಗು. ಅಮೆರಿಕದಲ್ಲಿ ಸೋಲ್ ಪ್ರೈಸ್ ಎಂಬವರು 1976ರಲ್ಲಿ ಸ್ಯಾನ್ ಡಿಯೇಗೋದ ಒಂದು ಹಳೆಯ ವಿಮಾನದ ಶೆಡ್ಡಿನಲ್ಲಿ 'ಪ್ರೈಸ್ ಕ್ಲಬ್' ಶುರು ಮಾಡಿದರು. 1983ರಲ್ಲಿ ಸಿಯಾಟಲ್‌ನಲ್ಲಿ ಕಾಸ್ಟ್‌ಕೋ ಹುಟ್ಟಿತು. 1993ರಲ್ಲಿ ಎರಡೂ ಒಂದಾದವು. ಇವತ್ತು ಗೋದಾಮು ಅಂಗಡಿ ಎಂದ ಕೂಡಲೇ ಲೋಕದಲ್ಲಿ ಮೊದಲು ನೆನಪಾಗುವ ಹೆಸರು ಕಾಸ್ಟ್‌ಕೋ.

ಭಾರತಕ್ಕೆ ಈ ಪದ್ಧತಿಯನ್ನು ದೊಡ್ಡ ಮಟ್ಟದಲ್ಲಿ ತಂದದ್ದು ಮೆಟ್ರೋ. 2003ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿತು. ಅಲ್ಲಿಯ ವ್ಯಾಪಾರಿಗಳಿಂದ ಆಗ ವಿರೋಧವೂ ಬಂದಿತ್ತು. 2009ರಲ್ಲಿ ಅಮೃತಸರದಲ್ಲಿ ವಾಲ್‌ಮಾರ್ಟ್ ಪಾಲುದಾರಿಕೆಯ 'ಬೆಸ್ಟ್ ಪ್ರೈಸ್' ಬಂತು. 2020ರಲ್ಲಿ ಅದು ಫ್ಲಿಪ್‌ಕಾರ್ಟ್ ಕೈಗೆ ಹೋಯಿತು. ಮೆಟ್ರೋದ ಭಾರತದ ವ್ಯವಹಾರವನ್ನು 2,850 ಕೋಟಿ ರೂಪಾಯಿಗೆ ಕೊಳ್ಳುವ ಒಪ್ಪಂದವನ್ನು ರಿಲಯನ್ಸ್ 2022ರ ಡಿಸೆಂಬರ್‌ನಲ್ಲಿ ಮಾಡಿಕೊಂಡು, ಮರುವರ್ಷ ಅದನ್ನು ಪೂರ್ತಿಗೊಳಿಸಿತು. ಇಂಥ ರಖಂ ಮಳಿಗೆಗಳಿಗೆ ಹೋಗಲು ವ್ಯಾಪಾರದ ದಾಖಲೆ ತೋರಿಸಿ ಕಾರ್ಡ್ ಮಾಡಿಸಬೇಕು. 2002ರಲ್ಲಿ ಮುಂಬೈಯ ಪೊವಾಯಿಯಲ್ಲಿ ಶುರುವಾದ ಡಿಮಾರ್ಟ್ ಮನೆಗಿರಾಕಿಗಳಿಗೂ ತೆರೆದ ಅಂಗಡಿ. ಆದರೂ ಕೆಲವೇ ಐಟಂ, ವೇಗದ ವಹಿವಾಟು, ಕಡಿಮೆ ದರ ಎನ್ನುವ ತತ್ವದಲ್ಲಿ ಅದೂ ಇದೇ ಕುಟುಂಬಕ್ಕೆ ಸೇರಿದ್ದು.

ಕಾಸ್ಟ್‌ಕೋ ಭಾರತದಲ್ಲಿ ಅಂಗಡಿ ತೆರೆದಿಲ್ಲ. ಆದರೂ ಈ ಪದ್ಧತಿ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಅದನ್ನೇ ನೋಡುವುದು ಒಳ್ಳೆಯದು. ಯಾಕೆಂದರೆ ಅಲ್ಲಿ ಇದು ಅಪ್ಪಟ ರೂಪದಲ್ಲಿದೆ, ಗಿರಾಕಿಗಳ ಗೊಣಗಾಟವೂ ನಮ್ಮವರದೇ ಥರ ಇದೆ.

ನಾಲ್ಕು ಸಾವಿರದ ಲೆಕ್ಕ

ಅಮೆರಿಕದ ಒಂದು ಮಾಮೂಲಿ ಸೂಪರ್‌ಮಾರ್ಕೆಟ್‌ನಲ್ಲಿ ಮೂವತ್ತು ಸಾವಿರದಷ್ಟು ಬಗೆಯ ಐಟಂಗಳಿರುತ್ತವೆ. ಕಾಸ್ಟ್‌ಕೋದಲ್ಲಿ ಇರುವುದು ಸುಮಾರು ನಾಲ್ಕು ಸಾವಿರ ಮಾತ್ರ. ಅಂಗಡಿ ಚಿಕ್ಕದು ಅಂತ ಅಲ್ಲ, ಫುಟ್‌ಬಾಲ್ ಮೈದಾನಕ್ಕಿಂತ ದೊಡ್ಡದು. ಹತ್ತು ಕಂಪೆನಿಯ ಕೆಚಪ್ ಇಡುವ ಬದಲು ಒಂದೋ ಎರಡೋ ಇಡುತ್ತಾರೆ. ಹಾಗೆ ಮಾಡಿದಾಗ ಆ ಒಂದು ಕಂಪೆನಿಗೆ ಸಿಗುವ ಆರ್ಡರ್ ದೊಡ್ಡದಾಗುತ್ತದೆ, ದರ ಜಗ್ಗಿ ಕೇಳಲು ಬಲ ಬರುತ್ತದೆ. ಹೆಚ್ಚಿನ ಮಾಲಿಗೆ ಕೊಂಡ ಬೆಲೆಯ ಮೇಲೆ ನೂರಕ್ಕೆ 14ಕ್ಕಿಂತ ಜಾಸ್ತಿ ಇಡಬಾರದು, ಸ್ವಂತ ಬ್ರಾಂಡ್ ಆದರೆ 15 ಎನ್ನುವುದು ಅವರ ಹಳೆಯ ನಿಯಮ. ಇಷ್ಟು ಕಡಿಮೆ ಅಂತರದಲ್ಲಿ ಉಳಿಯುವುದು ಹೇಗೆ? ವರ್ಷಕ್ಕೆ 65 ಡಾಲರ್‌ನಿಂದ ಶುರುವಾಗುವ ಸದಸ್ಯತ್ವ ಶುಲ್ಕದಿಂದ. ಲಾಭದ ದೊಡ್ಡ ಪಾಲು ಬರುವುದು ಆ ಶುಲ್ಕದಿಂದಲೇ.

ಇಲ್ಲಿಂದ ಮೊದಲ ಕಾರಣ ಸಿಗುತ್ತದೆ. ಜಾಗ ಇರುವುದು ನಾಲ್ಕು ಸಾವಿರಕ್ಕೆ. ಹೊಸ ಐಟಂ ಒಳಗೆ ಬರಬೇಕಾದರೆ ಹಳೆಯದೊಂದು ಹೊರಗೆ ಹೋಗಬೇಕು. ಹೋಗುವುದು ಯಾವುದು? ನಿಧಾನವಾಗಿ ಮಾರಾಟ ಆಗುವುದು. ನೀವು ಇಷ್ಟಪಟ್ಟ ಉಪ್ಪಿನಕಾಯಿಯನ್ನು ನಿಮ್ಮಂಥ ಇನ್ನೂರು ಜನ ಇಷ್ಟಪಟ್ಟರೆ ಸಾಲದು, ಎರಡು ಸಾವಿರ ಜನ ಬೇಕು. ಊರ ಅಂಗಡಿಯವನು ಒಬ್ಬರೇ ಗಿರಾಕಿಗಾಗಿ ತಿಂಗಳಿಗೆ ಮೂರು ಬಾಟಲಿ ತರಿಸಿ ಇಡುತ್ತಾನೆ. ಗೋದಾಮು ಅಂಗಡಿಯ ಲೆಕ್ಕದಲ್ಲಿ ಆ ಮೂರು ಬಾಟಲಿಗೆ ಜಾಗವೇ ಇಲ್ಲ.

ಒಂದೇ ಬ್ರಾಂಡ್ ಇಡುವುದರ ಇನ್ನೊಂದು ಪರಿಣಾಮ ಜಗಳ. ದರದ ವಿಷಯದಲ್ಲಿ ಕಂಪೆನಿ ಮತ್ತು ಅಂಗಡಿಗೆ ಹೊಂದಾಣಿಕೆ ಆಗದಿದ್ದರೆ ಆ ಬ್ರಾಂಡ್ ಇಡೀ ಮಾಯ. 2009ರ ನವೆಂಬರ್‌ನಲ್ಲಿ ಕಾಸ್ಟ್‌ಕೋ ದರದ ತಕರಾರಿನಿಂದ ಕೋಕಾ-ಕೋಲಾ ಮಾರುವುದನ್ನೇ ನಿಲ್ಲಿಸಿತು. ಲೋಕದ ಅತಿ ಪರಿಚಿತ ಪಾನೀಯ ಕೆಲವು ವಾರ ಅಲ್ಲಿ ಸಿಗಲಿಲ್ಲ. ಡಿಸೆಂಬರ್‌ನಲ್ಲಿ ರಾಜಿಯಾಗಿ ವಾಪಸ್ ಬಂತು. ಖಾಲಿ ರ‍್ಯಾಕ್ ಅಲ್ಲಿ ಚೌಕಾಸಿಯ ಅಸ್ತ್ರವೂ ಆಗಿತ್ತು.

ಬೇಕೆಂದೇ ಇಲ್ಲದಂತೆ ಮಾಡುವುದು

ಎರಡನೆಯ ಕಾರಣ ಕೇಳಿದರೆ ಕೆಲವರಿಗೆ ಸಿಟ್ಟು ಬರಬಹುದು. ಕೆಲವು ಮಾಲುಗಳು ಪುನಃ ಬರಬಾರದು ಎಂದೇ ತರಿಸಿದ್ದು. ಇದಕ್ಕೆ ಆ ವ್ಯಾಪಾರದಲ್ಲಿ 'ನಿಧಿ ಹುಡುಕಾಟ' ಎಂದು ಹೆಸರು. ಯಾವುದೋ ಕಂಪೆನಿಯಲ್ಲಿ ಮಾಲು ಹೆಚ್ಚು ಉಳಿದಿದೆ, ಪ್ಯಾಕಿಂಗ್ ಬದಲಾಗಲಿದೆ, ಅಥವಾ ಸೀಸನ್ ಮುಗಿಯುತ್ತಿದೆ ಎಂದಾಗ ಗೋದಾಮು ಅಂಗಡಿಯ ಖರೀದಿದಾರ ಅದನ್ನು ಒಟ್ಟಾರೆ ಎತ್ತಿಕೊಳ್ಳುತ್ತಾನೆ. ಬಂದಷ್ಟು ಬಂತು, ಮಾರಿದರೆ ಮುಗಿಯಿತು. ಗಿರಾಕಿಗೆ ಕಲಿಸುವ ಪಾಠ ಏನೆಂದರೆ, ಇವತ್ತು ಕಂಡದ್ದನ್ನು ಇವತ್ತೇ ತಗೋ, ನಾಳೆ ಇರುವುದಿಲ್ಲ. ಆ ಭಯದಿಂದ ಟ್ರಾಲಿ ತುಂಬುತ್ತದೆ. ಹಾಲು ತರಲು ಹೋದವನು ಕುರ್ಚಿ ತರುತ್ತಾನೆ.

ಕಾಸ್ಟ್‌ಕೋದ ಹಳೆಯ ಗಿರಾಕಿಗಳು ಬೆಲೆಯ ಚೀಟಿಯ ಮೇಲಿನ ಮೂಲೆಯಲ್ಲಿ ನಕ್ಷತ್ರದ ಗುರುತು ಹುಡುಕುತ್ತಾರೆ. ಅದು ಇದ್ದರೆ ಆ ಮಾಲನ್ನು ಸದ್ಯ ಪುನಃ ಆರ್ಡರ್ ಮಾಡುವುದಿಲ್ಲ ಎಂದು ಅರ್ಥ. ಬೆಲೆಯ ಕೊನೆ 97 ಎಂದಿದ್ದರೆ ಖಾಲಿ ಮಾಡಲು ದರ ಇಳಿಸಿದ್ದು. ನಮ್ಮ ಕಡೆಯ ಮಳಿಗೆಗಳಲ್ಲಿ ಇಂಥ ಗುರುತು ಕಾಣುವುದಿಲ್ಲ, ಆದರೆ ಸುಳಿವುಗಳು ಉಂಟು. ರ‍್ಯಾಕಿನ ತಲೆಯ ಭಾಗದಲ್ಲಿ, ದಾರಿಯ ನಡುವೆ ಅಥವಾ ಕ್ಯಾಶ್ ಕೌಂಟರಿನ ಹತ್ತಿರ ರಾಶಿ ಹಾಕಿದ ಮಾಲು ಹೆಚ್ಚಾಗಿ ತಾತ್ಕಾಲಿಕದ್ದು. ಪ್ಯಾಕೆಟಿನ ತಯಾರಿ ದಿನಾಂಕ ನಾಲ್ಕೈದು ತಿಂಗಳು ಹಿಂದಿನದಾಗಿದ್ದು ಆಫರ್ ದೊಡ್ಡದಾಗಿದ್ದರೆ ಅದು ಯಾರದ್ದೋ ಉಳಿದ ಸ್ಟಾಕ್. ಇದರಲ್ಲಿ ಮೋಸ ಏನಿಲ್ಲ. ಆದರೆ ಅದನ್ನು ನೋಡಿ 'ಇನ್ನು ಮುಂದೆ ಇದನ್ನೇ ಮಾರುವುದು' ಎಂದು ಸಣ್ಣ ಅಂಗಡಿಯವರು ತೀರ್ಮಾನಿಸಿದರೆ ಪೇಚಿಗೆ ಸಿಕ್ಕಿದ ಹಾಗೆಯೇ.

ಹಿಂದೆ ಗೋದಾಮು ಇಲ್ಲದ ಗೋದಾಮು

ಹೆಸರು ಗೋದಾಮು ಅಂಗಡಿ. ಆದರೆ ಹಿಂದುಗಡೆ ಬೇರೆ ದೊಡ್ಡ ಗೋದಾಮು ಇರುವುದಿಲ್ಲ. ಕಣ್ಣಿಗೆ ಕಾಣುವ ರ‍್ಯಾಕ್‌ಗಳೇ ಸ್ಟಾಕ್: ಕೆಳಗೆ ಮಾರುವ ಮಾಲು, ಮೇಲಿನ ಅಟ್ಟಗಳಲ್ಲಿ ಉಳಿದದ್ದು. "ಒಳಗೆ ಹೋಗಿ ಒಂದು ಬಾಕ್ಸ್ ನೋಡಿ ತಮ್ಮಾ" ಎಂದರೆ ಹುಡುಗ ನಗುವುದು ಅದಕ್ಕೇ.

ಇದರ ಹಿಂದೆ ದುಡ್ಡಿನ ಲೆಕ್ಕ ಇದೆ, ವಾಣಿಜ್ಯ ಓದಿದ ಯುವಕರಿಗೆ ಪರಿಚಯ ಇರುವ ಲೆಕ್ಕವೇ. ಕಾಸ್ಟ್‌ಕೋದ ಸ್ಟಾಕ್ ವರ್ಷಕ್ಕೆ ಸುಮಾರು ಹನ್ನೆರಡು ಸಲ ತಿರುಗುತ್ತದೆ. ಅಂದರೆ ಬಂದ ಮಾಲು ಸರಾಸರಿ ಒಂದು ತಿಂಗಳಲ್ಲಿ ಮಾರಿ ಹೋಗುತ್ತದೆ. ಕಂಪೆನಿಗೆ ಬಿಲ್ ಕಟ್ಟುವ ಹೊತ್ತಿಗೆ ಹೆಚ್ಚಿನ ಮಾಲಿನ ದುಡ್ಡು ಗಿರಾಕಿಯಿಂದ ಬಂದಾಗಿರುತ್ತದೆ. ಡಿಮಾರ್ಟ್‌ನದು ಬೇರೆ ದಾರಿ. ಅದು ಪೂರೈಕೆದಾರರಿಗೆ ಬೇಗ ದುಡ್ಡು ಕೊಟ್ಟು ಬದಲಿಗೆ ದರ ಇಳಿಸಿಕೊಳ್ಳುತ್ತದೆ. ಎರಡರಲ್ಲೂ ಸ್ಟಾಕ್ ನಿಲ್ಲಬಾರದು ಎನ್ನುವುದು ಸಾಮಾನ್ಯ ಅಂಶ. ಸ್ಟಾಕ್ ನಿಂತರೆ ದುಡ್ಡು ನಿಂತಂತೆ. ಹಾಗಾಗಿ 'ಇರಲಿ ಬಿಡಿ' ಎಂದು ಹತ್ತು ಬಾಕ್ಸ್ ಹೆಚ್ಚು ಇಡುವ ಅಭ್ಯಾಸ ಅಲ್ಲಿಲ್ಲ. ಲಾರಿ ಎರಡು ದಿನ ತಡವಾಯಿತೋ, ರ‍್ಯಾಕ್ ಖಾಲಿ.

ಸಿಸ್ಟಮ್‌ನಲ್ಲಿ ಉಂಟು, ಕಣ್ಣಿಗೆ ಇಲ್ಲ ಎನ್ನುವ ಸಂಗತಿಗೂ ಅಧ್ಯಯನ ನಡೆದಿದೆ. ಗ್ರೂಯೆನ್, ಕಾರ್ಸ್ಟನ್ ಮೊದಲಾದ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಜಾಗತಿಕ ವರದಿಯ ಪ್ರಕಾರ ಅಂಗಡಿಗಳಲ್ಲಿ ಇರಬೇಕಾದ ಮಾಲಿನಲ್ಲಿ ಸರಾಸರಿ ನೂರಕ್ಕೆ 8.3ರಷ್ಟು ಯಾವುದೇ ಹೊತ್ತಿನಲ್ಲಿ ಕಪಾಟಿನಲ್ಲಿ ಇರುವುದಿಲ್ಲ. ಅದರಲ್ಲಿ ಮುಕ್ಕಾಲು ಪಾಲಿನಷ್ಟಕ್ಕೆ ಕಾರಣ ಅಂಗಡಿಯ ಒಳಗೇ ಇದೆ: ಆರ್ಡರ್ ಹಾಕಿದ್ದು ತಪ್ಪು, ತಡ, ಅಥವಾ ಬಂದ ಮಾಲನ್ನು ಕಪಾಟಿಗೆ ತಂದಿಡಲಿಲ್ಲ. ಬಾಕ್ಸ್ ಒಡೆದು ಹೋಗಿದೆ, ಕಳುವಾಗಿದೆ, ಬಿಲ್ ಮಾಡುವಾಗ ಕಡಲೆಹಿಟ್ಟಿನ ಬದಲು ಮೈದಾದ ಕೋಡ್ ಹೊಡೆದಿದ್ದಾರೆ. ಕಂಪ್ಯೂಟರ್ ಮಾತ್ರ 'ಎರಡು ಉಂಟು' ಎನ್ನುತ್ತಲೇ ಇರುತ್ತದೆ. ಎರಡು ಉಂಟು ಎಂದು ನಂಬಿದ ಕಂಪ್ಯೂಟರ್ ಹೊಸ ಆರ್ಡರ್ ಹಾಕುವುದಿಲ್ಲ. ಇಲ್ಲದ ಎರಡು ಬಾಕ್ಸ್ ಬರಬೇಕಾದ ಇಪ್ಪತ್ತು ಬಾಕ್ಸ್‌ಗಳನ್ನು ತಡೆಯುತ್ತದೆ. ಹಾಗಾಗಿ ಹುಡುಗನ ಹತ್ತಿರ ಜಗಳ ಮಾಡುವುದಕ್ಕಿಂತ, "ಸಿಸ್ಟಮ್ ಸ್ಟಾಕ್ ತಪ್ಪಾಗಿ ತೋರಿಸ್ತಾ ಉಂಟು, ಸರಿ ಮಾಡಿಸಿ" ಎಂದು ವಿಭಾಗದ ಮುಖ್ಯಸ್ಥರಿಗೆ ಹೇಳಿ ಬರುವುದು ಹೆಚ್ಚು ಉಪಯೋಗ.

ಮಂಗಳೂರಿನಲ್ಲಿ ಇಲ್ಲದ್ದಕ್ಕೆ ಕಾರಣ ಜಕಾರ್ತದಲ್ಲಿರಬಹುದು

ಎಲ್ಲದಕ್ಕೂ ಅಂಗಡಿಯೇ ಕಾರಣ ಎನ್ನಲೂ ಆಗುವುದಿಲ್ಲ. 2022ರ ಏಪ್ರಿಲ್ 28ರಿಂದ ಇಂಡೋನೇಷ್ಯಾ ತಾಳೆಎಣ್ಣೆ ರಫ್ತನ್ನು ನಿಲ್ಲಿಸಿದಾಗ ಇಲ್ಲಿ ಎಣ್ಣೆಯ ಟಿನ್ನಿಗೆ ಪರದಾಟ ಶುರುವಾಯಿತು. ನಿರ್ಬಂಧ ಇದ್ದದ್ದು ಮೇ 23ರ ತನಕ, ಒಂದು ತಿಂಗಳೂ ಇಲ್ಲ. 2023ರ ಜುಲೈ 20ರಂದು ಭಾರತ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಷೇಧಿಸಿತು. ಮರುದಿನಗಳಲ್ಲಿ ಅಮೆರಿಕದಲ್ಲಿರುವ ಭಾರತೀಯರು ಸೋನಾ ಮಸೂರಿ ಮೂಟೆಗಳಿಗಾಗಿ ಅಂಗಡಿಗಳಲ್ಲಿ ಮುಗಿಬಿದ್ದ ವಿಡಿಯೋಗಳು ಎಲ್ಲರ ಮೊಬೈಲಿಗೂ ಬಂದಿದ್ದವು. ಒಬ್ಬರಿಗೆ ಒಂದೇ ಮೂಟೆ ಎಂದು ಅಲ್ಲಿಯ ಅಂಗಡಿಗಳು ಬೋರ್ಡ್ ಹಾಕಿದವು. ಅಕ್ಕಿ ನಿಜವಾಗಿ ಮುಗಿದಿರಲಿಲ್ಲ, ಮುಗಿಯುತ್ತದೆ ಎಂಬ ಭಯಕ್ಕೆ ಮುಗಿಯಿತು.

ಈ ಭಯ ಸರಪಳಿಯಲ್ಲಿ ಮೇಲೆ ಹೋದಂತೆ ದೊಡ್ಡದಾಗುತ್ತದೆ. ಮಕ್ಕಳ ಡೈಪರ್ ಮಾರುವ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪೆನಿ ಇದನ್ನು ವರ್ಷಗಳ ಹಿಂದೆಯೇ ಗಮನಿಸಿತ್ತು. ಮಗು ದಿನಕ್ಕೆ ಬಳಸುವ ಡೈಪರ್ ಹೆಚ್ಚುಕಡಿಮೆ ಅಷ್ಟೇ. ಅಂಗಡಿಯವರ ಆರ್ಡರಿನಲ್ಲಿ ಸ್ವಲ್ಪ ಏರುಪೇರು, ವಿತರಕರ ಆರ್ಡರಿನಲ್ಲಿ ಇನ್ನಷ್ಟು, ಕಾರ್ಖಾನೆಗೆ ತಲುಪುವಾಗ ಅದು ದೊಡ್ಡ ಉಯ್ಯಾಲೆ. ಎತ್ತು ಓಡಿಸುವವರು ಚಾಟಿಯ ಹಿಡಿಯನ್ನು ಸ್ವಲ್ಪ ಅಲ್ಲಾಡಿಸಿದರೆ ತುದಿ ಎಷ್ಟೋ ದೂರ ಹಾರುವಂತೆ ಎಂದು ಅದಕ್ಕೆ 'ಚಾಟಿ ಪರಿಣಾಮ' ಎಂದು ಹೆಸರಿಟ್ಟರು. ಊರ ಲೆಕ್ಕದಲ್ಲಿ ಹೇಳುವುದಾದರೆ, ರಂಜಾನ್ ಹತ್ತಿರ ಬಂದಾಗ ನೈಚೋರಿಗೆ ಬೇಕಾದ ಜೀರಿಗೆ ಸಣ್ಣಕ್ಕಿಯನ್ನು 'ಈ ಸಲ ಸಿಗ್ಲಿಕ್ಕಿಲ್ಲ' ಎಂದು ಯಾರೋ ಹೇಳಿದ ಕೂಡಲೇ ಎರಡು ಮೂಟೆ ಬೇಕಾದವರು ಐದು ಮೂಟೆ ಕೇಳುತ್ತಾರೆ. ರಖಂನವರು ಅದನ್ನು ನಿಜವಾದ ಬೇಡಿಕೆ ಎಂದು ನಂಬಿ ಹೆಚ್ಚು ತರಿಸುತ್ತಾರೆ. ಹಬ್ಬ ಕಳೆದ ಮೇಲೆ ಮೂಟೆಗಳು ಉಳಿದು, ಮುಂದಿನ ವರ್ಷ ಹೆದರಿ ಕಡಿಮೆ ತರಿಸುತ್ತಾರೆ, ಆಗ ನಿಜವಾಗಿಯೂ ಕೊರತೆ. ಈ ಅಕ್ಕಿಗೆ ಹೆಸರು ವಯನಾಡಿನದ್ದಾದರೂ ಈಗ ಮಾರುಕಟ್ಟೆಗೆ ಬರುವುದರಲ್ಲಿ ದೊಡ್ಡ ಪಾಲು ಬಂಗಾಳದ ಕಡೆಯದು. ಆದ್ದರಿಂದ ತಪ್ಪು ಆರ್ಡರನ್ನು ಕೊನೆಯ ವಾರದಲ್ಲಿ ಸರಿ ಮಾಡಲು ಆಗುವುದಿಲ್ಲ.

ತೆರಿಗೆಯೂ ಇದೇ ಆಟ ಆಡಿಸುತ್ತದೆ. 2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ದರ ಇಳಿಸುವ ತೀರ್ಮಾನ ಮಾಡಿತು. ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತು ನೂರಕ್ಕೆ 18ರಿಂದ 5ಕ್ಕೆ. ತುಪ್ಪ, ಬೆಣ್ಣೆ 12ರಿಂದ 5ಕ್ಕೆ. ಜಾರಿ ಆಗುವುದು 22ರಿಂದ. ನಡುವಿನ ಹತ್ತೊಂಬತ್ತು ದಿನ ಹಳೆಯ ದರದ ಮಾಲನ್ನು ಯಾರು ಕೊಳ್ಳುತ್ತಾರೆ? ದೊಡ್ಡವರು ಆರ್ಡರ್ ನಿಲ್ಲಿಸಿ ಇದ್ದದ್ದನ್ನು ಖಾಲಿ ಮಾಡಿದರು. ಕಂಪೆನಿಗಳೇ ಆ ತಿಂಗಳ ಮಾರಾಟ ಇಳಿಯಿತು ಎಂದು ಹೇಳಿಕೊಂಡವು. ಆಗ ಖಾಲಿ ಕಂಡ ರ‍್ಯಾಕ್‌ಗಳಿಗೆ ಕಾರಣ ಇಷ್ಟೇ.

ಲೈನ್‌ಸೇಲ್ ವಿತರಕರು ಮತ್ತು ದೊಡ್ಡ ಮಳಿಗೆಗಳ ನಡುವಿನ ತಿಕ್ಕಾಟವೂ ಒಂದು ಕಾರಣ. ಒಂದೇ ಕಂಪೆನಿಯ ಒಂದೇ ಮಾಲನ್ನು ದೊಡ್ಡ ರಖಂ ಸಂಸ್ಥೆಗಳಿಗೆ ಕಡಿಮೆಗೆ, ತಮಗೆ ಹೆಚ್ಚಿಗೆ ಕೊಡುತ್ತಾರೆ ಎಂದು ಅಖಿಲ ಭಾರತ ಗ್ರಾಹಕ ಉತ್ಪನ್ನ ವಿತರಕರ ಒಕ್ಕೂಟ 2021ರ ಕೊನೆಯಲ್ಲಿ ಕಂಪೆನಿಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಮಹಾರಾಷ್ಟ್ರದಲ್ಲಿ 2022ರ ಹೊಸವರ್ಷದ ದಿನದಿಂದ ಕೋಲ್ಗೇಟ್‌ನ ಕೆಲವು ಉತ್ಪನ್ನಗಳನ್ನು ಮಾರದಿರುವ ಹೆಜ್ಜೆಯನ್ನೂ ವಿತರಕರು ಇಟ್ಟರು. ಕಂಪೆನಿಗಳಿಗೆ ಇಬ್ಬರೂ ಬೇಕು. ಹಾಗಾಗಿ ಒಮ್ಮೆ ಇವರಿಗೆ ಆಫರ್, ಒಮ್ಮೆ ಅವರಿಗೆ. ಮಳಿಗೆಗೆಂದೇ ಬೇರೆ ಗಾತ್ರದ ಪ್ಯಾಕ್ ಮಾಡಿ ಕೊಡುವುದೂ ಇದೆ. ಅದು ನಿಂತರೆ ಬೇರೆಲ್ಲೂ ಸಿಗುವುದಿಲ್ಲ.

ಮಾವೇಲಿ ಸ್ಟೋರಿನ ಖಾಲಿ ಕಪಾಟು ಬೇರೆ

ಕಾಸರಗೋಡು ಜಿಲ್ಲೆಯ ಓದುಗರು ಇಲ್ಲಿ ಕೇಳಬಹುದು, ಮಾವೇಲಿ ಸ್ಟೋರಿನಲ್ಲಿಯೂ ಇದೇ ಲೆಕ್ಕವೇ ಎಂದು. ಅಲ್ಲ. ಸಪ್ಲೈಕೋ 1974ರಲ್ಲಿ ಶುರುವಾದದ್ದೇ ಬಡವರಿಗೆ ದಿನಸಿ ತಪ್ಪದೆ ಸಿಗಲಿ ಎಂದು. ಹೆಸರುಕಾಳು, ಉದ್ದು, ಕಡಲೆ, ತೊಗರಿ, ಮೆಣಸು, ಸಕ್ಕರೆ, ತೆಂಗಿನೆಣ್ಣೆ, ಅಕ್ಕಿ ಸೇರಿ 13 ಸಾಮಾನುಗಳನ್ನು ಸಬ್ಸಿಡಿ ದರದಲ್ಲಿ ಕೊಡಬೇಕು. ಅಲ್ಲಿ ಕಪಾಟು ಖಾಲಿಯಾದದ್ದು ಪೂರೈಕೆದಾರರ ಬಾಕಿ ಏರಿ ಅವರು ಟೆಂಡರಿಗೆ ಬರಲು ಹಿಂಜರಿದದ್ದರಿಂದ. 2016ರಿಂದ ಬದಲಾಗದ ದರವನ್ನು 2024ರ ಫೆಬ್ರವರಿಯಲ್ಲಿ ಮಾರುಕಟ್ಟೆ ದರಕ್ಕಿಂತ ನೂರಕ್ಕೆ 35 ಕಡಿಮೆ ಎಂಬ ಲೆಕ್ಕಕ್ಕೆ ಸರ್ಕಾರ ಬದಲಿಸಿತು. ತೆಂಗಿನೆಣ್ಣೆ 2025ರ ಮಧ್ಯದಲ್ಲಿ ಲೀಟರಿಗೆ 400 ರೂಪಾಯಿ ದಾಟಿದಾಗ ಅಂಥ ಅಂಗಡಿಯಲ್ಲಿ ಮಾಲು ಇರುವುದು, ಇಲ್ಲದಿರುವುದು ಒಂದು ಮನೆಯ ಅಡುಗೆಯ ಪ್ರಶ್ನೆ. ಖಾಸಗಿ ಗೋದಾಮು ಅಂಗಡಿ ಯಾರಿಗೂ ಮಾತು ಕೊಟ್ಟಿಲ್ಲ. ಸರ್ಕಾರಿ ಅಂಗಡಿ ಕೊಟ್ಟಿದೆ. ಎರಡಕ್ಕೂ ಒಂದೇ ಸಿಟ್ಟು ಮಾಡಬಾರದು, ಎರಡನೆಯದಕ್ಕೆ ಪಂಚಾಯತಿನಲ್ಲಿ ಪ್ರಶ್ನೆ ಎತ್ತಬಹುದು.

ಹಾಗಾದರೆ ಆ ಟ್ರಿಪ್ ಹೋಗಬೇಕೋ ಬೇಡವೋ?

ಲೆಕ್ಕ ಹಾಕಿ ನೋಡಿದರೆ ಗೊತ್ತಾಗುತ್ತದೆ. ಇಪ್ಪತ್ತೆರಡು ಐಟಂಗಳಲ್ಲಿ ಪ್ರತಿಯೊಂದಕ್ಕೆ ಸರಾಸರಿ 90 ರೂಪಾಯಿ ಉಳಿತಾಯ ಎಂದಿಟ್ಟುಕೊಳ್ಳಿ, ಒಟ್ಟು 1,980. ಡೀಸೆಲ್, ಟೋಲ್, ಚಹಾ ಸೇರಿ 600 ಕಳೆದರೆ 1,380 ಕೈಗೆ. ಹದಿನೈದೇ ಸಿಕ್ಕಿದರೆ ಉಳಿತಾಯ 1,350ಕ್ಕೆ ಇಳಿಯುತ್ತದೆ, ಖರ್ಚು ಮಾತ್ರ ಅದೇ 600. ಉಳಿದ ಏಳು ಐಟಂಗಳನ್ನು ಅವಸರದಲ್ಲಿ ಹತ್ತಿರದ ಅರೆರಖಂನವರಿಂದ ತಲಾ 40 ರೂಪಾಯಿ ಹೆಚ್ಚು ಕೊಟ್ಟು ತಂದರೆ 280 ಹೋಯಿತು. ಕೊನೆಗೆ ಉಳಿದದ್ದು 470. ಅರ್ಧ ದಿನದ ಅಂಗಡಿಯ ಗೈರುಹಾಜರಿ ಇದರಲ್ಲಿ ಸೇರಿಲ್ಲ.

ಇನ್ನೊಂದು ಕಡೆಯಿಂದ ನೋಡಿ. ತಿಂಗಳಿಗೆ 4,000 ರೂಪಾಯಿ ಸಾಮಾನು ಕೊಳ್ಳುವ ಒಂದು ಮನೆ. ನೂರಕ್ಕೆ ಹತ್ತು ಸಿಕ್ಕಿದರೆ ತಿಂಗಳಿಗೆ 400, ವರ್ಷಕ್ಕೆ 4,800. ಆ ಮನೆಯವರು ಎರಡು ಸಲ 'ಇಲ್ಲ' ಕೇಳಿ ಮೂರನೆಯ ಸಲ ಇಡೀ ಚೀಟಿಯನ್ನು ಎದುರಿನ ಅಂಗಡಿಗೆ ಕೊಟ್ಟರೆ ಅಂಥ ಹತ್ತು ಟ್ರಿಪ್ಪಿನ ಉಳಿತಾಯ ಹೋದಂತೆ. ಚಹಾಪುಡಿ ಒಂದು ಇಲ್ಲದ್ದಕ್ಕೆ ಯಾರೂ ಚಹಾಪುಡಿ ಮಾತ್ರ ಬೇರೆ ಕಡೆ ಕೊಳ್ಳುವುದಿಲ್ಲ.

ದೊಡ್ಡ ತಪ್ಪು ಆಗುವುದು ವಿತರಕರ ವಿಷಯದಲ್ಲಿ. ಒಂದು ರೂಪಾಯಿ ಕಡಿಮೆಗೆ ಸಿಗುತ್ತದೆ ಎಂದು ಲೈನ್‌ಸೇಲ್ ಗಾಡಿಯವರಿಗೆ 'ಈ ವಾರ ಬೇಡ, ಮುಂದಿನ ವಾರ ನೋಡುವ' ಎಂದು ಹೇಳುತ್ತಾ ಹೋದರೆ ಆ ಗಾಡಿ ಕೆಲವು ತಿಂಗಳಲ್ಲಿ ಆ ಬಾಗಿಲಲ್ಲಿ ನಿಲ್ಲುವುದನ್ನು ಬಿಡುತ್ತದೆ. ಆ ಗಾಡಿ ತರುತ್ತಿದ್ದದ್ದು ಮಾಲು ಮಾತ್ರವಾ? ವಾರದ ಉದ್ದರಿ, ಹಾಳಾದ ಪ್ಯಾಕೆಟಿನ ಬದಲಿ, ಅರ್ಧ ಬಾಕ್ಸ್ ಕೊಡುವ ಸೌಕರ್ಯ ಇವೆಲ್ಲ ಗೋದಾಮು ಅಂಗಡಿಯ ಬಿಲ್ಲಿನಲ್ಲಿ ಇಲ್ಲ. ಆದ್ದರಿಂದ ಅನುಭವಸ್ಥರು ಮಾಲನ್ನು ಎರಡು ಪಾಲು ಮಾಡುತ್ತಾರೆ. ಗಿರಾಕಿ ಹೆಸರು ಹೇಳಿ ಕೇಳುವ ಚಹಾಪುಡಿ, ಮಸಾಲೆ, ಸೋಪು, ಮಗುವಿನ ಹಾಲಿನ ಪುಡಿ, ಇಂಥ ಬ್ರಾಂಡಿನ ಕುಚ್ಚಲಕ್ಕಿ ವಿತರಕರಿಂದಲೇ ಬರಬೇಕು, ಒಂದು ರೂಪಾಯಿ ಹೆಚ್ಚಾದರೂ. ಸಕ್ಕರೆ, ರವೆ, ಫಿನಾಯಿಲ್, ಪೇಪರ್ ಪ್ಲೇಟ್, ಬಲ್ಬ್, ಬಕೆಟ್ ಮೊದಲಾಗಿ ಯಾವುದಾದರೂ ನಡೆಯುವ ಸಾಮಾನು ಗೋದಾಮು ಅಂಗಡಿಯಿಂದ. ಅಲ್ಲಿ ಇದ್ದರೆ ಲಾಭ, ಇಲ್ಲದಿದ್ದರೆ ನಷ್ಟ ಇಲ್ಲ. ಆಫರಿನ ರಾಶಿಯಿಂದ ತರುವಾಗ ಎಕ್ಸ್‌ಪೈರಿ ನೋಡಿ, ತನ್ನ ಅಂಗಡಿಯಲ್ಲಿ ಆರು ವಾರಕ್ಕೆ ಮಾರಿ ಮುಗಿಯುವಷ್ಟೇ ತರುವುದು. ಗಡಿ ದಾಟುವವರು ಬಿಲ್ಲಿನಲ್ಲಿ ತಮ್ಮ ಜಿಎಸ್‌ಟಿ ನಂಬರ್ ಸರಿಯಾಗಿ ಬಂದಿದೆಯಾ ಎಂದು ಕೌಂಟರಿನಲ್ಲೇ ನೋಡಿಕೊಳ್ಳಬೇಕು. 50,000 ರೂಪಾಯಿ ಮೀರಿದ ಮಾಲಿಗೆ ಇ-ವೇ ಬಿಲ್ ಬೇಕು.

ಗಲ್ಫಿನಿಂದ ಬಂದು ಮಿನಿ ಸೂಪರ್‌ಮಾರ್ಕೆಟ್ ಹಾಕುವ ಯುವಕರಲ್ಲಿ ಹಲವರು ಅಲ್ಲಿಯ ಹೈಪರ್‌ಮಾರ್ಕೆಟ್ ನೋಡಿ ಬಂದವರು, ರ‍್ಯಾಕ್ ಕೂಡ ಅದೇ ಥರ ಹಾಕಿಸುತ್ತಾರೆ. ಅವರಲ್ಲಿ ಎಷ್ಟೋ ಜನ ಬಕಾಲದಲ್ಲಿ ಕೆಲಸ ಮಾಡಿದವರೂ ಹೌದು. ಹೈಪರ್‌ಮಾರ್ಕೆಟಿನ ಪಕ್ಕದ ಗಲ್ಲಿಯಲ್ಲೇ ಆ ಪುಟ್ಟ ಬಕಾಲ ನಡೆಯುತ್ತಿತ್ತಲ್ಲ, ದರ ಸ್ವಲ್ಪ ಹೆಚ್ಚಾಗಿಯೇ? ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೂ ಒಂದು ಪ್ಯಾಕೆಟ್ ಖುಬ್ಬೂಸ್, ಅರ್ಧ ಡಜನ್ ಮೊಟ್ಟೆ, ನಿನ್ನೆ ಸಿಕ್ಕಿದ ಅದೇ ಬ್ರಾಂಡಿನ ಹಾಲು ಬಾಗಿಲಿಗೆ ಬರುತ್ತಿತ್ತು. ಅಲ್ಲಿ ಕಲಿತ ಈ ಪಾಠವನ್ನು ಊರಿಗೆ ಬಂದಾಗ ಮರೆಯುವುದು ಆಶ್ಚರ್ಯ.

ಇದಕ್ಕೆ ಸಾಫ್ಟ್‌ವೇರ್ ಬೇಡ. ಕ್ಯಾಶ್ ಡ್ರಾಯರಿನ ಪಕ್ಕ ಒಂದು ಸಣ್ಣ ನೋಟ್‌ಬುಕ್ ಇಟ್ಟರೆ ಸಾಕು. ಗಿರಾಕಿ ಕೇಳಿ 'ಇಲ್ಲ' ಎಂದು ಹೇಳಬೇಕಾದ ಪ್ರತಿ ಸಲ ಆ ಮಾಲಿನ ಹೆಸರು, ಪಕ್ಕದಲ್ಲಿ ಒಂದು ಗೀಟು. ತಮ್ಮ ಕುಳಿತಿದ್ದರೆ ತಮ್ಮನೂ ಬರೆಯಬೇಕು. ತಿಂಗಳ ಕೊನೆಗೆ ಐದು ಗೀಟು ದಾಟಿದ ಹೆಸರುಗಳನ್ನು ಗೋದಾಮು ಅಂಗಡಿಯ ಪಟ್ಟಿಯಿಂದ ತೆಗೆದು ಲೈನ್‌ಸೇಲ್ ಗಾಡಿಯವರ ಆರ್ಡರಿಗೆ ಸೇರಿಸುವುದು. ಒಂದೇ ಗೀಟು ಬಿದ್ದ ಹೆಸರಿದ್ದರೆ ಕೇಳಿದವರು ಯಾರು ಎಂದು ನೆನಪು ಮಾಡಿಕೊಂಡು, ಅವರು ಮುಂದಿನ ಸಲ ಬಂದಾಗ "ಅದು ನಿಮಗೆ ತಿಂಗಳಿಗೆ ಎಷ್ಟು ಬೇಕು?" ಎಂದು ಕೇಳುವುದು.